ಚಾಡಿ ಹೇಳುವ ಮುಳ್ಳು

ಹೊಸ ಕಾರಿನ ಚಕ್ರಕ್ಕೆ ಸಿಕ್ಕಿದ ನಿಂಬೆಹಣ್ಣು ಒಣಗೋ ಮೊದಲೇ ಎರಡು ಥರದ ಉಪದೇಶ ಶುರುವಾಗುತ್ತೆ. ಸೋದರಮಾವ ಬಂದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಮೊದಲ ಸಾವಿರ ಕಿಲೋಮೀಟರ್ ಅರವತ್ತರ ಮೇಲೆ ಹೋಗ್ಬೇಡಪ್ಪ, ಇಂಜಿನ್ ಇನ್ನೂ ಟೈಟಿರುತ್ತೆ" ಅಂತಾರೆ. ಆಫೀಸಿನ ಕಾರ್ ಹುಚ್ಚಿನ ಗೆಳೆಯ ಕೇಳಿ ನಗ್ತಾನೆ. "ಅದೆಲ್ಲ ಅಂಬಾಸಿಡರ್ ಕಾಲದ ಮಾತು ಮಗಾ. ಮೊದಲನೇ ದಿನಾನೇ ರೆಡ್‌ಲೈನ್ ಮುಟ್ಟಿಸು. ಮೆಲ್ಲಗೆ ಅಭ್ಯಾಸ ಮಾಡಿಸಿದ ಇಂಜಿನ್ ಜೀವಮಾನವಿಡೀ ಮೆಲ್ಲಗೇ ಓಡುತ್ತೆ." ಎತ್ತು ಏರಿಗೆ, ಕೋಣ ನೀರಿಗೆ.

ಕೊಂಡಿದ್ದು ದಿನಾ ಆಫೀಸಿಗೆ ಹೋಗಿಬರೋ ಸಣ್ಣ ಕಾರಾದ್ರೆ ಇಬ್ಬರ ಮಾತಿಗೂ ತಲೆಯಾಡಿಸಿ ಸುಮ್ಮನಿರಬಹುದು. ಆದರೆ ವರ್ಷಗಟ್ಟಲೆ ಕನಸು ಕಂಡು, ಐದಾರು ವರ್ಷದ ಇಎಂಐ ತಲೆ ಮೇಲೆ ಹೊತ್ತು, ಜೋರಾಗಿ ಓಡಿಸೋದಕ್ಕೇ ಅಂತ ತಂದ ಕಾರಾದ್ರೆ ಪ್ರಶ್ನೆ ಸಣ್ಣದಲ್ಲ. ಎಷ್ಟು ಒತ್ತಬಹುದು? ಎಲ್ಲಿಗೆ ಹೋದ್ರೆ ಮುರಿಯುತ್ತೆ? ಮುರಿದ್ರೆ ದುಡ್ಡು ಯಾರದ್ದು?

ಈ ಪ್ರಶ್ನೆಗೆ ಉತ್ತರ ಹುಡುಕ್ತಾ ಮನುಷ್ಯರು ನೂರು ವರ್ಷದಿಂದ ಕಾರು ಮುರೀತಾ ಬಂದಿದ್ದಾರೆ. ಅವರು ಮುರಿದುಕೊಂಡು ಕಲಿತದ್ದನ್ನ ನಾವು ಪುಕ್ಕಟೆಯಾಗಿ ಓದ್ಕೊಳ್ಳಬಹುದು.

ಫ್ರಾನ್ಸಿನ ಲೆ ಮಾನ್ ಊರಿನ ಹೊರಗಿನ ರಸ್ತೆಗಳಲ್ಲಿ 1923ರಲ್ಲಿ ಒಂದು ವಿಚಿತ್ರ ರೇಸ್ ಶುರುವಾಯ್ತು. ಇಪ್ಪತ್ನಾಲ್ಕು ಗಂಟೆ, ಹಗಲೂ ರಾತ್ರಿ, ನಿಲ್ಲಿಸದೆ ಓಡಿಸಬೇಕು. ಯಾರು ಅತಿ ವೇಗವಾಗಿ ಓಡ್ತಾರೆ ಅನ್ನೋದಕ್ಕಿಂತ ಯಾರ ಕಾರು ಕೊನೇ ತನಕ ಉಳಿಯುತ್ತೆ ಅನ್ನೋದೇ ಅಲ್ಲಿ ಮುಖ್ಯ. ನಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಪ್ರಯೋಗಶಾಲೆ ಸಿಗೋದು ಕಷ್ಟ. ಮೊದಲ ವರ್ಷಗಳಲ್ಲಿ ಅಲ್ಲಿ ಹೆಸರು ಮಾಡಿದ್ದು ಇಂಗ್ಲೆಂಡಿನ ಬೆಂಟ್ಲಿ. 1924ರಲ್ಲಿ ಒಂದು ಸಲ, ಆಮೇಲೆ 1927ರಿಂದ 1930ರ ತನಕ ಸತತ ನಾಲ್ಕು ಸಲ ಗೆದ್ದರು.

ಅದರಲ್ಲಿ 1928ರ ಗೆಲುವನ್ನ ನೋಡಿ. ವುಲ್ಫ್ ಬರ್ನಾಟೊ ಮತ್ತು ಬರ್ನಾರ್ಡ್ ರೂಬಿನ್ ಓಡಿಸ್ತಿದ್ದ ನಾಲ್ಕೂವರೆ ಲೀಟರ್ ಬೆಂಟ್ಲಿಗೆ ಅಮೆರಿಕದ ಸ್ಟುಟ್ಜ್ ಕಾರು ಬೆನ್ನಟ್ಟಿತ್ತು. ಕೊನೆ ಹತ್ತಿರವಾದ ಹಾಗೆ ಬೆಂಟ್ಲಿಯ ಚಾಸಿಸ್ಸೇ ಬಿರುಕು ಬಿಡ್ತು. ಆ ಎಳೆತಕ್ಕೆ ರೇಡಿಯೇಟರಿನ ಹೋಸ್ ಕಿತ್ತು ನೀರು ಸೋರಿಹೋಯ್ತು. ಇಂಜಿನ್ನಿಗೆ ನೀರಿಲ್ಲ, ಕಾರಿನ ಬೆನ್ನೆಲುಬಿಗೆ ಬಿರುಕು. ಬರ್ನಾಟೊ ಆಗ ಕಾಲು ಸಡಿಲ ಬಿಟ್ಟು, ಜ್ವರ ಬಂದ ಮಗೂನ ಎತ್ಕೊಂಡು ನಡೆದ ಹಾಗೆ ಕಾರನ್ನ ಗೆರೆ ದಾಟಿಸಿದ. ಸ್ಟುಟ್ಜ್ ಯಾಕೆ ಹಿಡೀಲಿಲ್ಲ ಅಂದ್ರೆ, ಅದರ ಟಾಪ್ ಗೇರ್ ಆಗಲೇ ಕೈಕೊಟ್ಟಿತ್ತು. ಎರಡು ಮುರಿದ ಕಾರುಗಳ ನಡುವೆ, ತನ್ನದು ಎಷ್ಟು ಮುರಿದಿದೆ ಅಂತ ಸರಿಯಾಗಿ ಅಂದಾಜು ಮಾಡಿದವನು ಗೆದ್ದ.

1930ರ ಕತೆ ಇನ್ನೂ ಸ್ವಾರಸ್ಯ. ಬೆಂಟ್ಲಿಯೊಳಗೇ ಆಗ ಒಂದು ಜಗಳ ನಡೀತಿತ್ತು. ಸ್ಥಾಪಕ ಡಬ್ಲ್ಯು.ಓ. ಬೆಂಟ್ಲಿ ರೈಲ್ವೆ ವರ್ಕ್‌ಶಾಪಿನಲ್ಲಿ ಅಪ್ರೆಂಟಿಸ್ ಆಗಿ ಕೆಲಸ ಕಲಿತ ಮನುಷ್ಯ. ಜಾಸ್ತಿ ಶಕ್ತಿ ಬೇಕಾದ್ರೆ ದೊಡ್ಡ ಇಂಜಿನ್ ಮಾಡಿ, ಸಣ್ಣ ಇಂಜಿನ್ನಿನ ಮೇಲೆ ಒತ್ತಡ ಹೇರಬೇಡಿ ಅನ್ನೋದು ಅವರ ನಿಲುವು. ಅವರ ತಂಡದ ಧೈರ್ಯವಂತ ಡ್ರೈವರ್ ಟಿಮ್ ಬರ್ಕಿನ್‌ಗೆ ಅಷ್ಟು ತಾಳ್ಮೆ ಇರಲಿಲ್ಲ. ಅದೇ ನಾಲ್ಕೂವರೆ ಲೀಟರ್ ಇಂಜಿನ್ನಿಗೆ ಸೂಪರ್‌ಚಾರ್ಜರ್, ಅಂದ್ರೆ ಗಾಳಿಯನ್ನ ಬಲವಂತವಾಗಿ ತುರುಕೋ ಸಾಧನ, ಕೂರಿಸಿದ್ರೆ ಆಯ್ತು ಅಂತ ಹಟ ಹಿಡಿದ. ಶ್ರೀಮಂತ ಮಹಿಳೆ ಡೊರೊಥಿ ಪ್ಯಾಜೆಟ್ ದುಡ್ಡು ಕೊಟ್ಟರು. ಹಾಗೆ ಹುಟ್ಟಿದ್ದೇ ಪ್ರಸಿದ್ಧ 'ಬ್ಲೋವರ್ ಬೆಂಟ್ಲಿ'. ಇವತ್ತಿಗೂ ಹಳೇ ಬೆಂಟ್ಲಿ ಅಂದ ತಕ್ಷಣ ಜನರ ಕಣ್ಣಿಗೆ ಬರೋದು ಅದೇ, ಮುಂದೆ ಸೂಪರ್‌ಚಾರ್ಜರ್ ತೂಗಿಕೊಂಡು ನಿಂತಿರೋ ಹಸಿರು ಕಾರು.

ಆ ವರ್ಷ ಎದುರಾಳಿಯಾಗಿ ಬಂದದ್ದು ರುಡಾಲ್ಫ್ ಕರಾಚಿಯೋಲಾ ಮತ್ತು ಕ್ರಿಶ್ಚಿಯನ್ ವೆರ್ನರ್ ಜೋಡಿಯ ಒಂದೇ ಒಂದು ಮರ್ಸಿಡಿಸ್ ಎಸ್‌ಎಸ್‌ಕೆ. ಏಳು ಲೀಟರಿಗಿಂತ ದೊಡ್ಡ ಇಂಜಿನ್, ಅದಕ್ಕೂ ಸೂಪರ್‌ಚಾರ್ಜರ್. ಆದ್ರೆ ಮರ್ಸಿಡಿಸ್‌ನಲ್ಲಿ ಒಂದು ಜಾಣತನ ಇತ್ತು. ಸೂಪರ್‌ಚಾರ್ಜರ್ ಯಾವಾಗ್ಲೂ ತಿರುಗ್ತಿರಲಿಲ್ಲ. ಆಕ್ಸಿಲರೇಟರನ್ನ ಪೂರ್ತಿ ತಳಕ್ಕೆ ತುಳಿದಾಗ ಮಾತ್ರ ಕಿರುಚಿಕೊಂಡು ಕೆಲಸ ಶುರು ಮಾಡ್ತಿತ್ತು, ಅದೂ ಸ್ವಲ್ಪ ಹೊತ್ತಿಗೆ ಮಾತ್ರ. ಬೇಕಾದಾಗ ಬಳಸು, ಬೇಡದಾಗ ಮುಟ್ಟಬೇಡ ಅನ್ನೋ ನಿಯಮವನ್ನ ಪೆಡಲಿನೊಳಗೇ ಕಟ್ಟಿಟ್ಟಿದ್ದರು.

ಬರ್ಕಿನ್ ಶುರುವಿನಿಂದಲೇ ಬ್ಲೋವರನ್ನ ದಂಡಿಸಿದ. ಟೈರಿನ ರಬ್ಬರ್ ಕಿತ್ತು ಹಾರ್ತಿದ್ದರೂ, ಎರಡು ಚಕ್ರ ಹುಲ್ಲಿನ ಮೇಲಿಟ್ಟು, ಮರ್ಸಿಡಿಸ್‌ನ ಪಕ್ಕದಿಂದ ನುಗ್ಗಿ ಮುಂದೆ ಹೋದ. ಮೋಟರ್ ರೇಸಿಂಗ್ ಇತಿಹಾಸದಲ್ಲಿ ಜನ ಮರೆಯದ ಓವರ್‌ಟೇಕ್‌ಗಳಲ್ಲಿ ಅದೂ ಒಂದು. ಮಧ್ಯರಾತ್ರಿ ಕಳೆದ ಮೇಲೆ ಮರ್ಸಿಡಿಸ್ ಕೆಟ್ಟು ನಿಂತಿತು. ಬೆಳಕು ಹರಿದ ಮೇಲೆ ಎರಡು ಬ್ಲೋವರ್‌ಗಳೂ ಇಂಜಿನ್ ಕೈಕೊಟ್ಟು ನಿಂತವು. ಗೆದ್ದದ್ದು ಯಾರು? ಡಬ್ಲ್ಯು.ಓ. ಹೇಳಿದ ಹಾಗೆ ಕಟ್ಟಿದ, ಸೂಪರ್‌ಚಾರ್ಜರ್ ಇಲ್ಲದ, ಆರೂವರೆ ಲೀಟರಿನ ಸ್ಪೀಡ್ ಸಿಕ್ಸ್. ಮೊದಲನೇ ಸ್ಥಾನವೂ ಅದಕ್ಕೇ, ಎರಡನೆಯದೂ ಅದಕ್ಕೇ. ಗೆದ್ದ ಕಾರಿನಲ್ಲಿದ್ದದ್ದು ಮತ್ತೆ ಅದೇ ಬರ್ನಾಟೊ, ಜೊತೆಗೆ ಗ್ಲೆನ್ ಕಿಡ್‌ಸ್ಟನ್. ಬರ್ನಾಟೊ ಲೆ ಮಾನ್‌ಗೆ ಹೋದದ್ದು ಮೂರೇ ಸಲ, ಮೂರು ಸಲವೂ ಗೆದ್ದ.

ಬರ್ಕಿನ್ ಬೇಕಂತಲೇ ಮರ್ಸಿಡಿಸನ್ನ ಕೆಣಕಿ ದಣಿಸಿದನೋ, ಅಥವಾ ಅದು ಅವನ ಸ್ವಭಾವವೋ ಅಂತ ಅಭಿಮಾನಿಗಳು ಇನ್ನೂ ವಾದ ಮಾಡ್ತಾರೆ. ಯಾವುದೇ ಆಗಿರಲಿ, ಫಲಿತಾಂಶ ಸ್ಪಷ್ಟ. ಜನ ನೆನಪಿಟ್ಟುಕೊಂಡಿದ್ದು ಬ್ಲೋವರನ್ನ, ಕಪ್ ಮನೆಗೆ ತಂದದ್ದು ಸ್ಪೀಡ್ ಸಿಕ್ಸ್.

ಡ್ರೈವರ್ ಎಷ್ಟು ಒತ್ತಿದ ಅಂತ ಯಜಮಾನನಿಗೆ ಗೊತ್ತಾಗೋದು ಹೇಗೆ? ಕಾರು ಕಣ್ಣಿಗೆ ಕಾಣದ ದೂರದಲ್ಲಿರುತ್ತೆ. ಮುರಿದು ಬಂದಾಗ ಪ್ರತಿಯೊಬ್ಬ ಡ್ರೈವರೂ ಹೇಳೋದು ಒಂದೇ ಮಾತು, "ನಾನೇನೂ ಮಾಡ್ಲಿಲ್ಲ ಸಾರ್, ತಾನಾಗೇ ಹೋಯ್ತು." ಇದಕ್ಕೆ ರೇಸಿಂಗ್ ತಂಡಗಳು ಕಂಡುಕೊಂಡ ಮದ್ದು ಟ್ಯಾಕೋಮೀಟರಿನ ಎರಡನೇ ಮುಳ್ಳು. ಇಂಗ್ಲಿಷಿನಲ್ಲಿ ಅದರ ಹೆಸರು ಟೆಲ್‌ಟೇಲ್, ಅಂದ್ರೆ ಚಾಡಿಕೋರ. ಮೊದಲ ಮುಳ್ಳು ಇಂಜಿನ್ನಿನ ಆರ್‌ಪಿಎಂ ತೋರಿಸ್ತಾ ಮೇಲೆ ಕೆಳಗೆ ಆಡುತ್ತೆ. ಎರಡನೆಯದನ್ನ ಮೊದಲನೆಯದು ಮೇಲಕ್ಕೆ ತಳ್ಳಿಕೊಂಡು ಹೋಗುತ್ತೆ, ಆದ್ರೆ ವಾಪಸ್ ತರೋದಿಲ್ಲ. ಅತಿ ಹೆಚ್ಚು ಎಷ್ಟಕ್ಕೆ ಹೋಗಿತ್ತೋ ಅಲ್ಲೇ ನಿಂತುಬಿಡುತ್ತೆ. ಕಾರು ಪಿಟ್ಟಿಗೆ ಬಂದ ಮೇಲೆ ಮ್ಯಾನೇಜರ್ ಬಗ್ಗಿ ನೋಡಿದ್ರೆ ಸಾಕು, ವಾದಕ್ಕೆ ಜಾಗ ಇಲ್ಲ.

ಆರ್‌ಪಿಎಂ ಮೇಲೆ ಯಾಕಿಷ್ಟು ಕಣ್ಣು? ಲೆಕ್ಕ ಸರಳ. ಎಂಟು ಸಾವಿರ ಆರ್‌ಪಿಎಂನಲ್ಲಿ ಒಂದು ಪಿಸ್ಟನ್ ಸೆಕೆಂಡಿಗೆ ಸುಮಾರು 266 ಸಲ ಪೂರ್ತಿ ನಿಂತು, ದಿಕ್ಕು ಬದಲಿಸಿ ಮತ್ತೆ ಓಡಬೇಕು. ಹಾಗೆ ನಿಲ್ಲಿಸಿ ತಿರುಗಿಸೋ ಬಲವನ್ನ ಕನೆಕ್ಟಿಂಗ್ ರಾಡು, ಅದರ ಬೇರಿಂಗು ತಡ್ಕೋಬೇಕು. ಈ ಬಲ ಆರ್‌ಪಿಎಂ ಜೊತೆ ನೇರವಾಗಿ ಏರೋದಿಲ್ಲ, ವರ್ಗದ ಲೆಕ್ಕದಲ್ಲಿ ಏರುತ್ತೆ. ನಾಲ್ಕು ಸಾವಿರದಿಂದ ಎಂಟು ಸಾವಿರಕ್ಕೆ ಹೋದ್ರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಟ್ಯಾಕೋಮೀಟರಿನಲ್ಲಿ ಕೊನೆಯ ಅರ್ಧ ಇಂಚು ಮೊದಲಿನ ಅರ್ಧ ಇಂಚಿನಷ್ಟೇ ಕಾಣುತ್ತೆ, ಆದ್ರೆ ಅದರ ಬೆಲೆ ಬೇರೆ.

ಹಾಗಂತ ಒತ್ತಲೇಬಾರದು ಅಂತಲ್ಲ. ಐದು ಸಲ ವಿಶ್ವ ಚಾಂಪಿಯನ್ ಆದ ಅರ್ಜೆಂಟೀನಾದ ಹುವಾನ್ ಮ್ಯಾನುವೆಲ್ ಫಾಂಜಿಯೋ ಕಾರನ್ನ ಜೋಪಾನ ಮಾಡೋದಕ್ಕೇ ಹೆಸರಾದವನು. ಗೆಲ್ಲೋದಕ್ಕೆ ಬೇಕಾದಷ್ಟು ವೇಗ, ಅದಕ್ಕಿಂತ ಜಾಸ್ತಿ ಇಲ್ಲ ಅನ್ನೋದು ಅವನ ಧೋರಣೆ. ಅದೇ ಮನುಷ್ಯ 1957ರ ಆಗಸ್ಟ್‌ನಲ್ಲಿ, ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ, ಪಿಟ್ಟಿನಲ್ಲಿ ಹೊತ್ತು ಕಳೆದುಕೊಂಡು ಮುಕ್ಕಾಲು ನಿಮಿಷಕ್ಕಿಂತ ಹೆಚ್ಚು ಹಿಂದೆ ಬಿದ್ದಾಗ, ತನ್ನ ಮಸೆರಾಟಿ 250ಎಫ್‌ನ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೊರಗೆ ತೆಗೆದ. ಲ್ಯಾಪ್ ದಾಖಲೆಯನ್ನ ಮತ್ತೆ ಮತ್ತೆ ಮುರಿದು, ಎರಡು ಫೆರಾರಿಗಳನ್ನ ಹಿಂದೆ ಹಾಕಿ ಗೆದ್ದ. ಆಗ ಅವನಿಗೆ 46 ವರ್ಷ. ಇನ್ನು ಯಾವತ್ತೂ ಹಾಗೆ ಓಡಿಸೋದಕ್ಕೆ ತನಗೆ ಇಷ್ಟವಿಲ್ಲ ಅಂತ ಆಮೇಲೆ ಹೇಳಿಕೊಂಡ. ಉಳಿಸಿಟ್ಟುಕೊಂಡವನಿಗೆ ಮಾತ್ರ ಬೇಕಾದ ದಿನ ಖರ್ಚು ಮಾಡೋದಕ್ಕೆ ಏನಾದ್ರೂ ಇರುತ್ತೆ.

ಇದು ರೇಸಿನ ಕತೆಯಾಯ್ತು. ರಸ್ತೆ ಮೇಲಿನ ಹೊಸ ಕಾರಿನ ಕತೆ ಏನು? ಇಲ್ಲಿ ಸೋದರಮಾವನ ಮಾತು ಎಲ್ಲಿಂದ ಬಂತು ಅಂತ ನೋಡಬೇಕು.

ಐವತ್ತರ ದಶಕದ ಬ್ರಿಟನ್ನಿನಲ್ಲಿ ಹೊಸ ಕಾರಿನ ಹಿಂದಿನ ಗಾಜಿಗೆ ಒಂದು ಚೀಟಿ ಅಂಟಿಸ್ತಿದ್ದರು: 'ರನ್ನಿಂಗ್ ಇನ್, ಪ್ಲೀಸ್ ಪಾಸ್'. ಇಂಜಿನ್ ಇನ್ನೂ ಪಳಗ್ತಾ ಇದೆ, ನೀವು ಮುಂದೆ ಹೋಗಿ ಅಂತ. ಮೊದಲ 500 ಮೈಲಿ ಗಂಟೆಗೆ 30 ಮೈಲಿ ದಾಟಬಾರದು ಅನ್ನೋದು ಆ ಕಾಲದ ಸಾಮಾನ್ಯ ನಿಯಮ. ಅದು ಮೂಢನಂಬಿಕೆ ಆಗಿರಲಿಲ್ಲ. ಆಗಿನ ಬೋರಿನ ಒಳಗೋಡೆ ಇವತ್ತಿನಷ್ಟು ನುಣುಪಾಗಿರ್ತಿರಲಿಲ್ಲ. ರಿಂಗು, ಬೋರು, ಬೇರಿಂಗು ಒಂದನ್ನೊಂದು ಉಜ್ಜಿಕೊಂಡು, ಏರುತಗ್ಗು ಸವೆಸಿಕೊಂಡು ಹೊಂದಿಕೊಳ್ಳಬೇಕಿತ್ತು. ಕಾರ್ಖಾನೆಯಲ್ಲಿ ಮುಗಿಯದ ಕೆಲಸದ ಕೊನೇ ಭಾಗವನ್ನ ಗಿರಾಕಿಯೇ ರಸ್ತೆ ಮೇಲೆ ಮುಗಿಸ್ತಿದ್ದ ಅನ್ನಬಹುದು. ಅವಸರ ಮಾಡಿದ್ರೆ ಉಜ್ಜಾಟದ ಬಿಸಿಗೆ ಪಿಸ್ಟನ್ ಹಿಗ್ಗಿ, ಬೋರಿಗೆ ಕಚ್ಚಿಕೊಂಡು ಇಂಜಿನ್ ಸೀಜ್. ಮೈಸೂರಿನಲ್ಲಿ ತಯಾರಾಗ್ತಿದ್ದ ಜಾವಾ, ಯೆಜ್ಡಿ ಥರದ ಟೂ ಸ್ಟ್ರೋಕ್ ಬೈಕ್ ಓಡಿಸಿದ ಹಿರಿಯರಿಗೆ 'ಸೀಜ್' ಅನ್ನೋ ಪದವನ್ನ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದ್ರೆ ಗೆಳೆಯನ ಮಾತು ಸುಳ್ಳಾ? ಅದೂ ಅಲ್ಲ. ಪಿಸ್ಟನ್ ರಿಂಗನ್ನ ಬೋರಿನ ಗೋಡೆಗೆ ಒತ್ತಿ ಹಿಡಿಯೋದು ಅದರ ಸ್ಪ್ರಿಂಗ್ ಗುಣ ಮಾತ್ರ ಅಲ್ಲ. ಇಂಧನ ಉರಿದಾಗ ಹುಟ್ಟೋ ಗ್ಯಾಸಿನ ಒತ್ತಡ ರಿಂಗಿನ ಹಿಂದೆ ನುಗ್ಗಿ ಅದನ್ನ ಹೊರಕ್ಕೆ ತಳ್ಳುತ್ತೆ. ಇಂಜಿನ್ನಿಗೆ ಸ್ವಲ್ಪವೂ ಲೋಡ್ ಕೊಡದೆ, ಒಂದೇ ವೇಗದಲ್ಲಿ, ತೂಕಡಿಸ್ತಾ ಓಡಿಸಿದ್ರೆ ಈ ಒತ್ತಡ ಸಾಲದೆ ರಿಂಗು ಸರಿಯಾಗಿ ಕೂರೋದಿಲ್ಲ. ಆಮೇಲೆ ಆಯಿಲ್ ಕುಡಿಯೋ ರೋಗ ಅಂಟಬಹುದು. ಅಂದ್ರೆ ಹೊಸ ಇಂಜಿನ್ನಿಗೆ ಲೋಡ್ ಬೇಕು, ಆದ್ರೆ ಕೊನೇ ಆರ್‌ಪಿಎಂ ಬೇಡ. ಏರಿಳಿತ ಬೇಕು, ಆದ್ರೆ ಹಿಂಸೆ ಬೇಡ. ಮಾವ ಆರ್‌ಪಿಎಂ ಬಗ್ಗೆ ಸರಿ, ಗೆಳೆಯ ಲೋಡ್ ಬಗ್ಗೆ ಸರಿ. ಇಬ್ಬರೂ ಅರ್ಧರ್ಧ.

ಇವತ್ತಿನ ಬೋರು, ಬೇರಿಂಗು ಆಗಿನದಕ್ಕಿಂತ ಎಷ್ಟೋ ನಿಖರ. ಸಾಧಾರಣ ಕಾರುಗಳಲ್ಲಿ ರನ್ನಿಂಗ್ ಇನ್ ಅನ್ನೋದು ಮ್ಯಾನ್ಯುಯಲ್‌ನ ಒಂದು ಪ್ಯಾರಾಕ್ಕೆ ಇಳಿದಿದೆ. ಆದ್ರೆ ಗಮನಿಸಿ, ವೇಗದ ಕಾರು ಮಾಡೋ ಕಂಪನಿಗಳೇ ಈ ನಿಯಮವನ್ನ ಬಿಟ್ಟುಕೊಟ್ಟಿಲ್ಲ. 2000ದ ಸುಮಾರಿನ ಬಿಎಂಡಬ್ಲ್ಯು ಎಂ3ಯಲ್ಲಿ ಮೊದಲ 2000 ಕಿಲೋಮೀಟರ್ ತನಕ 5500 ಆರ್‌ಪಿಎಂ, 170 ಕಿಲೋಮೀಟರ್ ವೇಗ ದಾಟಬೇಡಿ ಅಂದಿದ್ದರು. ಅದರ ರೆಡ್‌ಲೈನ್ 8000. ಅಷ್ಟು ದೂರ ಆದ ಮೇಲೆ ಆಯಿಲ್ ಬದಲಿಸೋ ಮೊದಲ ಸರ್ವೀಸ್. ಪೋರ್ಶೆ 911ರ ಮ್ಯಾನ್ಯುಯಲ್‌ಗಳಲ್ಲಿ 3000 ಕಿಲೋಮೀಟರ್ ತನಕ 4200 ಆರ್‌ಪಿಎಂ ಅಂತಿತ್ತು. ಜಾಸ್ತಿ ಒತ್ತಬಹುದಾದ ಕಾರಿಗೇ ಜಾಸ್ತಿ ದಿನದ ಸಂಯಮ.

ಪರೀಕ್ಷೆ ಕೂಡ ರಸ್ತೆಯಿಂದ ಲ್ಯಾಬಿಗೆ ಹೋಯ್ತು. ಫೋರ್ಡ್ ಕಂಪನಿ 1964, 1965ರಲ್ಲಿ ಲೆ ಮಾನ್‌ಗೆ ಹೋಗಿ, ಎರಡು ಸಲವೂ ತನ್ನ ಜಿಟಿ40 ಕಾರುಗಳಲ್ಲಿ ಒಂದನ್ನೂ ಕೊನೇ ತನಕ ಓಡಿಸಲಾಗದೆ ವಾಪಸ್ ಬಂತು. ವೇಗಕ್ಕೇನೂ ಕಮ್ಮಿ ಇರಲಿಲ್ಲ, ಆದ್ರೆ ಎಲ್ಲ ಮುರಿದವು. ಮುಂದಿನ ವರ್ಷಕ್ಕೆ ಅವರು ಇಂಜಿನ್ ಮತ್ತು ಗೇರ್‌ಬಾಕ್ಸನ್ನ ಡೈನಮೋಮೀಟರ್ ಮೇಲೆ ಕೂರಿಸಿ, ಲೆ ಮಾನ್‌ನ ಒಂದೊಂದು ಲ್ಯಾಪನ್ನೂ, ಎಲ್ಲಿ ಗೇರ್ ಬದಲು, ಎಲ್ಲಿ ಪೂರ್ತಿ ಆಕ್ಸಿಲರೇಟರ್ ಅನ್ನೋದನ್ನೆಲ್ಲ, ಯಂತ್ರದ ಕೈಯಲ್ಲಿ ಗಂಟೆಗಟ್ಟಲೆ ಓಡಿಸಿದರು. ಮುರಿಯೋದೆಲ್ಲ ಲ್ಯಾಬಿನಲ್ಲೇ ಮುರೀಲಿ ಅಂತ. 1966ರಲ್ಲಿ ಮೊದಲ ಮೂರೂ ಸ್ಥಾನ ಫೋರ್ಡ್‌ಗೆ. ಇವತ್ತು ನಿಮ್ಮ ಕಾರಿನ ರೆಡ್‌ಲೈನ್ ಎಲ್ಲಿರಬೇಕು ಅಂತ ತೀರ್ಮಾನ ಆಗಿರೋದು ಇಂಥದ್ದೇ ಲ್ಯಾಬುಗಳಲ್ಲಿ, ಎಷ್ಟೋ ಇಂಜಿನ್ನುಗಳ ಪ್ರಾಣ ತೆಗೆದ ಮೇಲೆ. ಆ ಗೆರೆಯ ಕೆಳಗೆ, ಬಿಸಿಯಾದ ಇಂಜಿನ್ನಿನಲ್ಲಿ, ಹೆದರ್ತಾ ಓಡಿಸೋ ಅಗತ್ಯ ಇಲ್ಲ.

'ಬಿಸಿಯಾದ' ಅನ್ನೋ ಪದವೇ ಮುಖ್ಯ. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ತೋರಿಸೋದು ನೀರಿನ ಬಿಸಿ. ಆಯಿಲ್ ಬಿಸಿಯಾಗೋದು ಅದಕ್ಕಿಂತ ನಿಧಾನ. ತಣ್ಣಗಿರೋ ಆಯಿಲ್ ದಪ್ಪ, ಸಂದಿಗೊಂದಿಗೆ ಬೇಗ ಹೋಗೋದಿಲ್ಲ. 1998ರಲ್ಲಿ ಬಂದ ಬಿಎಂಡಬ್ಲ್ಯು ಎಂ5, ಆಮೇಲೆ ಎಂ3, ಇದಕ್ಕೊಂದು ಚೆಂದದ ಉಪಾಯ ಮಾಡಿದವು. ಟ್ಯಾಕೋಮೀಟರಿನ ಅಂಚಿನಲ್ಲಿ ಸಣ್ಣ ದೀಪಗಳ ಸಾಲು. ಇಂಜಿನ್ ತಣ್ಣಗಿದ್ದಾಗ ಅವು ಉರಿದು ರೆಡ್‌ಲೈನನ್ನ ಕೆಳಗೆ ತೋರಿಸ್ತವೆ. ಆಯಿಲ್ ಬಿಸಿಯಾದ ಹಾಗೆ ಒಂದೊಂದೇ ಆರಿ, ದಾರಿ ಬಿಡ್ತವೆ. ಹಳೇ ಕಾಲದ ಮೆಕ್ಯಾನಿಕ್ ಪಕ್ಕದಲ್ಲಿ ಕೂತು "ಇರಿ ಸಾರ್, ಇನ್ನೊಂದ್ ಸ್ವಲ್ಪ" ಅಂದ ಹಾಗೆ.

ಇಷ್ಟಾದ ಮೇಲೂ ಮುರಿಯುತ್ತೆ. ಆಗ ಏಳೋದು ಕೊನೇ ಪ್ರಶ್ನೆ: ದುಡ್ಡು ಯಾರದ್ದು? ಅದೇ ಎಂ3ಯ ಮೊದಲ ವರ್ಷಗಳ ಕೆಲವು ಇಂಜಿನ್ನುಗಳಲ್ಲಿ ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋಗಿ ಇಂಜಿನ್ನೇ ಹಾಳಾದವು. ಓಡಿಸಿದವರ ತಪ್ಪು ಅಂತ ಹೇಳೋದು ಸುಲಭವಿತ್ತು. ಆದ್ರೆ ಕೊನೆಗೆ ಕಂಪನಿಯೇ ಬೇರಿಂಗ್ ಬದಲಿಸಿಕೊಟ್ಟು ವಾರಂಟಿಯನ್ನೂ ವಿಸ್ತರಿಸಿತು. ನಿಸಾನ್ ಜಿಟಿ-ಆರ್ ಕತೆ ಬೇರೆ ಥರದ್ದು. 2008ರಲ್ಲಿ ಅಮೆರಿಕಕ್ಕೆ ಹೋದ ಈ ಕಾರಿನಲ್ಲಿ ಸ್ಥಿರತೆ ಕಾಯೋ ವ್ಯವಸ್ಥೆಯನ್ನ ಆಫ್ ಮಾಡಿ, ಇಂಜಿನ್ ರೇಸ್ ಮಾಡಿ, ಬಾಣದ ಹಾಗೆ ಬಿಡೋ ಲಾಂಚ್ ಕಂಟ್ರೋಲ್ ಇತ್ತು. ಜನ ಮತ್ತೆ ಮತ್ತೆ ಮಾಡಿದರು, ಕೆಲವರ ಗೇರ್‌ಬಾಕ್ಸ್ ಹೋಯ್ತು. ಹಾಗೆ ಆಫ್ ಮಾಡಿ ಆದ ಹಾನಿಗೆ ವಾರಂಟಿ ಇಲ್ಲ ಅಂದಾಗ ದೊಡ್ಡ ಗಲಾಟೆಯಾಯ್ತು. ಆಮೇಲೆ ಕಂಪನಿ ಸಾಫ್ಟ್‌ವೇರ್ ಬದಲಿಸಿ, ಕಮ್ಮಿ ಆರ್‌ಪಿಎಂನಲ್ಲಿ ಲಾಂಚ್ ಆಗೋ ಹಾಗೆ ಮಾಡಿತು. ಕಂಪನಿಯೇ ಕೊಟ್ಟ ಗುಂಡಿ ಒತ್ತಿದ್ರೆ ತಪ್ಪು ಒತ್ತಿದವನದೋ, ಕೊಟ್ಟವನದೋ? ಗಿರಾಕಿಗಳು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ.

ಆದ್ರೆ ಚಾಡಿ ಹೇಳೋ ಮುಳ್ಳು ಎಲ್ಲೂ ಹೋಗಿಲ್ಲ, ಗಾಜಿನ ಹಿಂದಿನಿಂದ ಕಂಪ್ಯೂಟರಿನ ಒಳಗೆ ಹೋಗಿ ಕೂತಿದೆ. ಪೋರ್ಶೆ ಕಾರುಗಳ ಇಸಿಯು ಇಂಜಿನ್ ಎಷ್ಟು ಸಲ ಮಿತಿ ಮೀರಿತು, ಎಷ್ಟು ಮೀರಿತು, ಎಷ್ಟನೇ ಗಂಟೆಯಲ್ಲಿ ಅಂತ ದರ್ಜೆವಾರು ಬರೆದಿಡುತ್ತೆ. ಸೆಕೆಂಡ್ ಹ್ಯಾಂಡ್ ಕೊಳ್ಳೋರು ಆ ಪಟ್ಟಿ ತೆಗೆಸಿ ನೋಡ್ತಾರೆ. ರೆವ್ ಲಿಮಿಟರ್ ಇರುವಾಗ ಮಿತಿ ಮೀರೋದು ಹೇಗೆ ಅಂತೀರಾ? ಐದನೇ ಗೇರಿನಿಂದ ನಾಲ್ಕಕ್ಕೆ ಹಾಕೋ ಬದಲು ಎರಡಕ್ಕೆ ಹಾಕಿದ್ರೆ, ಇಂಜಿನ್ನನ್ನ ತಿರುಗಿಸೋದು ಪೆಟ್ರೋಲ್ ಅಲ್ಲ, ಚಕ್ರ. ಪೆಟ್ರೋಲ್ ನಿಲ್ಲಿಸಿದ್ರೂ ಚಕ್ರ ನಿಲ್ಲೋದಿಲ್ಲ. ಯಾವ ಲಿಮಿಟರೂ ಕಾಯೋದಿಲ್ಲ.

ಹಾಗಾದ್ರೆ ನೂರು ವರ್ಷದ ಕತೆಯಿಂದ ನಮಗೆ ಸಿಕ್ಕಿದ್ದೇನು? ವೇಗದ ಕಾರನ್ನ ವೇಗ ಮುರಿಯೋದು ಕಮ್ಮಿ, ಅವಸರ ಮುರಿಯೋದೇ ಹೆಚ್ಚು. ತಣ್ಣಗಿನ ಆಯಿಲಿನ ಮೇಲಿನ ಅವಸರ, ಪಳಗದ ರಿಂಗಿನ ಮೇಲಿನ ಅವಸರ, ಬಿಸಿ ಆರೋದಕ್ಕೆ ಬಿಡದ ಅವಸರ. ಭಾನುವಾರ ಬೆಳಗಿನ ಜಾವ ಐದಕ್ಕೆ ಎದ್ದು ನಂದಿಬೆಟ್ಟಕ್ಕೆ ಹೊರಡೋರು ಹೆಬ್ಬಾಳದ ಫ್ಲೈಓವರ್ ಮೇಲೇ ಶುರು ಹಚ್ಕೊಳ್ತಾರಲ್ಲ, ಅಲ್ಲಿ ಇಂಜಿನ್ನಿನ ಆಯಿಲ್ ಇನ್ನೂ ನಿದ್ದೆಯಿಂದ ಎದ್ದಿರೋದಿಲ್ಲ. ದೇವನಹಳ್ಳಿ ತನಕ ಸುಮ್ಮನೆ ಹೋದ್ರೆ ಕಳ್ಕೊಳ್ಳೋದು ಏನೂ ಇಲ್ಲ. ಬೆಟ್ಟ ಹತ್ತಿ ಬಿಸಿಯಾದ ಟರ್ಬೊ ಇಂಜಿನ್ನನ್ನ ತಟ್ಟನೆ ಆಫ್ ಮಾಡದೆ, ಕೊನೇ ಎರಡು ಕಿಲೋಮೀಟರ್ ಮೆಲ್ಲಗೆ ಬಂದು ನಿಲ್ಲಿಸೋದೂ ಅಷ್ಟೇ ಸುಲಭ. ಹಳೇ ಡೀಸೆಲ್ ಗಾಡಿಯ ಡ್ರೈವರ್‌ಗಳು ನಿಂತ ಮೇಲೂ ಒಂದು ನಿಮಿಷ ಇಂಜಿನ್ ಆನ್ ಇಟ್ಟಿರ್ತಿದ್ದದ್ದು ಇದಕ್ಕೇ.

ಉಳಿದದ್ದಕ್ಕೆ ಮ್ಯಾನ್ಯುಯಲ್ ಇದೆ. ಮಾವನಿಗೂ ಗೆಳೆಯನಿಗೂ ಚಹಾ ಕೊಟ್ಟು ಕಳಿಸಿ, 'ರನ್ನಿಂಗ್ ಇನ್' ಅನ್ನೋ ಆ ಒಂದು ಪುಟ ಓದಿ. ಅಲ್ಲಿರೋ ಕಿಲೋಮೀಟರ್ ಮುಗಿದ ಮೇಲೆ, ಆಯಿಲ್ ಬಿಸಿಯಾದ ಮೇಲೆ, ರಸ್ತೆಯ ಬದಲು ಟ್ರ್ಯಾಕ್ ಸಿಕ್ಕ ದಿನ, ಕಾಲು ತಳಕ್ಕೆ ಹೋಗಲಿ. ಕಟ್ಟಿದವರು ಅದಕ್ಕೇ ಕಟ್ಟಿದ್ದಾರೆ.